ರತ್ನ ಕೊಳ್ಳುತ್ತಿದ್ದ ಸಾಮಾನು

ಹೆಂಡತಿ ರತ್ನ ತೀರಿಕೊಂಡು ವರ್ಷವಾಯಿತು. ತಿಥಿಯ ದಿನ ಫೋಟೋದ ಮುಂದೆ ಸೀರೆ, ಬಳೆ ಜೊತೆಗೆ ಅವಳು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದುದನ್ನೂ ಇಡಬೇಕು. ಮುತ್ತೈದೆಯಾಗಿ ಹೋದವಳಿಗೆ ನಮ್ಮಲ್ಲಿ ಹಾಗೆ. ಏನು ಹಚ್ಚುತ್ತಿದ್ದಳೋ ನನಗೆ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ಬಂಗಾರಪೇಟೆಯ ಫ್ಯಾನ್ಸಿ ಅಂಗಡಿಗೆ ಹೋಗುತ್ತಿದ್ದಳು, ಅಷ್ಟು ಗೊತ್ತು. ಪೌಡರು, ಸ್ನೋ ಅಂತ ಹೆಂಗಸರು ದುಡ್ಡು ಕರಗಿಸುತ್ತಾರೆ ಅಂತ ಡೈರಿಗೆ ಹಾಲು ಹಾಕುವಾಗ ಗಂಡಸರೆಲ್ಲ ಆಡಿಕೊಳ್ಳುತ್ತಿದ್ದೆವು.

ಕಾಮಸಮುದ್ರದಿಂದ ಬಸ್ಸು ಹತ್ತಿ ಹೋದೆ. ಅಂಗಡಿಯ ಹೆಂಗಸಿಗೆ ಫೋನಿನಲ್ಲಿ ಫೋಟೋ ತೋರಿಸಿ ವಿಷಯ ಹೇಳಿದೆ.

"ರತ್ನಕ್ಕನಾ? ಅದ್ಕೇ ಬತ್ತಾ ಇರ್ಲಿಲ್ಲ" ಅಂದಳು ಆಯಮ್ಮ.

"ಅವ್ಳು ತಗೋತಿದ್ದಿದ್ನೆಲ್ಲಾ ಕೊಡಮ್ಮ. ದುಬಾರಿ ಆದ್ರೂ ಪರವಾಗಿಲ್ಲ."

ಒಂದು ಸಣ್ಣ ಪೌಡರ್ ಡಬ್ಬಿ, ಒಂದು ಕಾಡಿಗೆ, ಒಂದು ಹಾಳೆ ಸ್ಟಿಕ್ಕರ್ ಇಟ್ಟಳು. ಆಮೇಲೆ ಮೀಸೆಗೆ ಹಚ್ಚುವ ಕಪ್ಪು ಬಣ್ಣದ ಪ್ಯಾಕೆಟ್ ಎರಡು.

"ಇದು ನಂದು" ಅಂದೆ.

"ತಿಂಗ್ಳು ತಿಂಗ್ಳು ತಗೊಂಡ್ ಓಗ್ತಿದ್ದಿದ್ದು ಇದೇ ಅಣ್ಣ. ಪೌಡರು ಯಾವಾಗ್ಲೋ ಒಂದ್ಸಲ. ಅಗ್ಗದ್ದು ಹಚ್ಚಿದ್ರೆ ನಮ್ಮೆಜಮಾನ್ರಿಗೆ ಕೆರೆತ ಬತ್ತದೆ, ಒಳ್ಳೇದೇ ಕೊಡು ಅಂತಿತ್ತು ಅಕ್ಕ."

ಅದನ್ನು ಕಲಸಿ ನನಗೆ ಹಚ್ಚುತ್ತಿದ್ದವಳೂ ಅವಳೇ. ಎಷ್ಟಾಯಿತು ಅಂತ ನಾನು ಕೇಳಿದವನಲ್ಲ, ಅವಳು ಹೇಳಿದವಳೂ ಅಲ್ಲ.

"ಇದ್ನೂ ಎಡೆಗೆ ಇಕ್ತೀಯಾ ಅಣ್ಣ?"

"ಬ್ಯಾಡಮ್ಮ" ಅಂದು ಎರಡೂ ಪ್ಯಾಕೆಟ್ ಹಿಂದಕ್ಕೆ ಸರಿಸಿದೆ. ಉಳಿದದ್ದಕ್ಕೆ ಕೊಟ್ಟ ದುಡ್ಡಿಗೆ ಅದರಲ್ಲಿ ಒಂದು ಪ್ಯಾಕೆಟ್ಟೂ ಬರುತ್ತಿರಲಿಲ್ಲ.

ಈಗ ಮೀಸೆ ಪೂರ್ತಿ ಬೆಳ್ಳಗಿದೆ. ನಮ್ಮ ಮನೆಯಲ್ಲಿ ಅಲಂಕಾರದ ಖರ್ಚು ನಿಂತಿದೆ.