ದೊಡ್ಡ ರೈಡಿಗೆ ಎತ್ತರ ಸಾಲದು

“ನೆಟ್ಟಗೆ ನಿಂತ್ಕಳೇ!” ಎಂದು ಮಗಳನ್ನು ಗದರಿದೆ. ಬೇಸಿಗೆ ರಜೆಗೆ ಥೀಮ್ ಪಾರ್ಕಿಗೆ ಹೋಗಾಣ ಎಂದು ಮಕ್ಕಳಿಗೆ ಮಾತು ಕೊಟ್ಟು, ಬಿಸಿಲು, ಸಾಲು, ನೂಕುನುಗ್ಗಲು ನೆನೆದೇ ದಣಿದಿದ್ದೆ. ದೊಡ್ಡ ರೈಡಿಗೆ ಇಂತಿಷ್ಟು ಎತ್ತರವಿರಲೇಬೇಕೆಂದು ತಿಳಿದ ಮೇಲಂತೂ ಹೊಳಲ್ಕೆರೆಯ ನಮ್ಮ ಮನೆಗೋಡೆಗೇ ಗೆರೆ ಎಳೆದೆ. ಚಿಕ್ಕವನು ಎರಡು ಬೆರಳು ಕಡಿಮೆ ಬಿದ್ದು, ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಂತ. ಅವನ ಅಕ್ಕ ಗೇಣುದ್ದ ಹೆಚ್ಚು ಎತ್ತರ; ಆದರೂ ಅವಳ ತಲೆ ಗೆರೆ ಮುಟ್ಟಲಿಲ್ಲ. ನೋಡಿದರೆ, ಉದ್ದಲಂಗದೊಳಗೆ ಮೊಣಕಾಲು ಬಗ್ಗಿಸಿದ್ದಳು.

“ನಾನೂ ಕುಳ್ಳಿನೇ ಅಪ್ಪ. ನಾವಿಬ್ರೂ ನೀರಾಗೆ ಆಡ್ತೀವಿ, ದೊಡ್ಡದಕ್ಕೆ ನೀನೊಬ್ನೇ ಹತ್ತು.”

ಮೂಲೆಯಲ್ಲಿದ್ದವನು ಕಿಸಕ್ಕನೆ ನಕ್ಕ.

ಗೆರೆ ಇನ್ನೂ ಗೋಡೆಯ ಮೇಲಿದೆ. ಚಿಕ್ಕವನು ಪಾರ್ಕಿನಲ್ಲಿ ಅತ್ತಾನೆಂಬ ಚಿಂತೆ ನನಗೀಗ ಇಲ್ಲ. ಒಬ್ಬನೇ ಆ ರೈಡು ಹತ್ತುವ ಚಿಂತೆ ಶುರುವಾಗಿದೆ.