ಏನೂ ಕೊಡದ ಊರು

ಆ ವರ್ಷಗಳಲ್ಲಿ ನನ್ನ ಕೆಲಸ ಎರಡು ಊರುಗಳನ್ನು ಹೋಲಿಸಿ ನೋಡುವುದಾಗಿತ್ತು. ಒಂದಕ್ಕೆ ಒಂದು ಕಾರ್ಯಕ್ರಮ ಕೊಟ್ಟಿದ್ದರು, ಇನ್ನೊಂದಕ್ಕೆ ಏನೂ ಕೊಟ್ಟಿರಲಿಲ್ಲ. ಕೊಟ್ಟ ಊರಿನಲ್ಲಿ ಏನಾದರೂ ಬದಲಾದರೆ ಅದು ಕೊಟ್ಟದ್ದರಿಂದಲೇ ಆಯಿತೇ, ಕೊಡದಿದ್ದರೂ ಆಗುತ್ತಿತ್ತೇ ಎಂದು ತಿಳಿಯಲು ಏನೂ ಕೊಡದ ಊರು ಬೇಕಾಗುತ್ತದೆ. ಮನಃಶಾಸ್ತ್ರದ ತರಗತಿಯಲ್ಲಿ ಇದನ್ನು ಕೇಳಿದಾಗ ಬಹಳ ನ್ಯಾಯದ ವಿಚಾರ ಎನಿಸಿತ್ತು. ಈಗ ನೆನಪುಗಳನ್ನು ಬರೆಯಲು ಕೂತರೆ ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಈ ಕೆಲಸಕ್ಕೆಂದು ಹೊಸಪೇಟೆಗೆ ಹೋಗದೇ ಉಳಿದ ನಾನೊಬ್ಬಳು ಎಲ್ಲೂ ಇಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹೋಲಿಸಲು. ಆ ಊರು ನನ್ನನ್ನು ಒಂಟಿ ಮಾಡಿತು ಎಂದು ಒಮ್ಮೆ ಬರೆದು ಹೊಡೆದು ಹಾಕಿದೆ. ಮೊದಲಿನಿಂದಲೂ ಹಾಗೇ ಇದ್ದೆನೋ ಏನೋ.

ಹೊಸಪೇಟೆಯಲ್ಲಿ ಅಕ್ಕಿ ಗಿರಣಿಯವರ ಮನೆಯ ಮಹಡಿಯ ಮೇಲೆ ನನ್ನದೊಂದು ಕೋಣೆ. ಗಣಿಯ ಲಾರಿಗಳು ಹಗಲೆಲ್ಲ ಓಡುತ್ತಿದ್ದ ಕಾಲ. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಚೂಡಿದಾರ ಸಂಜೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಮನೆಯೊಡತಿ ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ "ಊಟ ಆತೇನ್ರಿ?" ಎಂದು ಕೇಳುತ್ತಿದ್ದರು, ಉತ್ತರ ಬರುವಷ್ಟರಲ್ಲಿ ಒಳಗೆ ಹೋಗಿರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಆಟೋದವರು ನನ್ನ ಹೆಗಲ ಚೀಲ ನೋಡಿ "ಹಂಪಿ, ಹಂಪಿ" ಎಂದು ಕೂಗುತ್ತಿದ್ದರು. ಅಲ್ಲಿದ್ದಷ್ಟು ಕಾಲವೂ ಕೂಗಿದರು.

ಕಾರ್ಯಕ್ರಮವಿದ್ದದ್ದು ಸಂಡೂರಿನ ಆಚೆ, ಯಶವಂತನಗರದ ಹತ್ತಿರದ ಒಂದು ಕಾರ್ಮಿಕರ ಕಾಲೋನಿಯಲ್ಲಿ. ಗಂಡಂದಿರು ಗಣಿಗೆ ಹೋದ ಮೇಲೆ ಹೆಂಗಸರು ಮಧ್ಯಾಹ್ನ ಒಂದು ಕೋಣೆಯಲ್ಲಿ ಸೇರುತ್ತಿದ್ದರು. ಬೇರೆ ಬೇರೆ ಕಡೆಯಿಂದ ಬಂದವರು, ಪಕ್ಕದ ಮನೆಯವರ ಗುರುತು ಕೂಡ ಇಲ್ಲದವರು. ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರವಿತ್ತು. ಹೊಲಿಗೆ ಕಲಿಯಲು ಹೋಗುತ್ತೇನೆ ಎಂದರೆ ಮನೆಯಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ನಿಜವಾದ ಉದ್ದೇಶ ಅವರು ಒಟ್ಟಿಗೆ ಕೂತು ಮಾತಾಡುವುದು. ಹಾಗೆ ಮಾತಾಡಿದರೆ ಅವರ ಒಂಟಿತನ ಕಡಿಮೆಯಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಆಗುತ್ತದೆ ಎಂದು ತೋರಿಸಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ ಎಂದು ದುಡ್ಡು ಕೊಡುವವರು ಮೊದಲೇ ಹೇಳಿದ್ದರು.

ಕೋಣೆ ನಡೆಸುತ್ತಿದ್ದವಳು ದರೋಜಿ ಕಡೆಯ ಹೆಂಗಸು. ಅವಳ ಗಂಡ ಗಣಿಯಲ್ಲಿ ಅದಿರು ಅಗೆಯುವ ಪೊಕ್ಲೇನ್ ಯಂತ್ರ ಓಡಿಸುತ್ತಿದ್ದ. ನಾನು ಹೋದ ಕೂಡಲೇ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: "ಬರ್ರಿ ಅಕ್ಕಾರ, ಕುಂದ್ರಿ. ಏಯ್, ಎಲ್ಲಾರೂ ನಗ್ರೆಲೇ, ಪರೀಕ್ಷೆ ಮಾಡಾಕ ಬಂದಾರ."

"ಹಾಗೆಲ್ಲ ಹೇಳಿಕೊಡಬಾರದು" ಎಂದರೆ, "ನಗಬ್ಯಾಡ್ರೆಲೇ, ಅಕ್ಕಾರ ಬ್ಯಾಡಂತಾರ. ಅಳ್ರಿ" ಎನ್ನುತ್ತಿದ್ದಳು. ಕೋಣೆಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆನೇ? ನಕ್ಕಿದ್ದೆ ಎಂದು ಬರೆಯಲು ಆಸೆಯಾಗುತ್ತದೆ.

ಏನೂ ಕೊಡದ ಊರು ಕಂಪ್ಲಿಯ ಹತ್ತಿರವಿತ್ತು. ಸುತ್ತ ಭತ್ತದ ಗದ್ದೆ. ಆದರೆ ಆ ಓಣಿಯ ಗಂಡಸರು ಗಣಿಯ ಲಾರಿಗಳಿಗೆ ಹೋದವರು, ಯಾವಾಗಲೋ ಒಮ್ಮೆ ಮನೆಗೆ ಬರುವವರು. ಅಲ್ಲಿ ನಾನು ಮಾಡಬೇಕಾದದ್ದು ಇಷ್ಟೇ: ಆಗಾಗ ಹೋಗಿ ಕಾಲೋನಿಯಲ್ಲಿ ಕೇಳಿದ ಪ್ರಶ್ನೆಗಳನ್ನೇ ಕೇಳಿ ಬರುವುದು. ಹೊಸಪೇಟೆಯ ಕಚೇರಿಯಲ್ಲಿ ಈ ಅಧ್ಯಯನ ನಡೆಸುತ್ತಿದ್ದ ನಮ್ಮ ಹಿರಿಯರು ಎಚ್ಚರಿಸಿದ್ದರು: "ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿ. ಪರಿಚಯ ಬೆಳೆಸಬೇಡಿ. ಅಲ್ಲಿ ನೀವು ಇದ್ದೂ ಇಲ್ಲದ ಹಾಗೆ ಇರಬೇಕು."

ಇದ್ದೂ ಇಲ್ಲದ ಹಾಗೆ ಇರುವುದು ನನಗೆ ಹೊಸಪೇಟೆಯಲ್ಲಿ ಚೆನ್ನಾಗಿ ಅಭ್ಯಾಸವಾಗಿತ್ತು. ಆ ಓಣಿಯಲ್ಲಿ ಮಾತ್ರ ಆಗಲಿಲ್ಲ. ಹೊರಗಿನಿಂದ ಬಂದ ಹೆಣ್ಣುಮಗಳನ್ನು ಒಂದು ಮನೆಯವರಷ್ಟೇ ಒಳಗೆ ಕೂರಿಸಿಕೊಂಡು ಬಾಗಿಲು ಮುಂದೆ ಮಾಡಿದರೆ ಓಣಿಯ ಉಳಿದವರಿಗೆ ಅವಮಾನ ಮಾಡಿದ ಹಾಗೆ. ನಾನು ಒಂದು ಮನೆಯ ಪಡಸಾಲೆಯಲ್ಲಿ ಕೂತರೆ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಿದ್ದರು. ಯಾರೋ ಮಂಡಕ್ಕಿ ಒಗ್ಗರಣೆ ತರುತ್ತಿದ್ದರು. ನಾನು ಒಬ್ಬಳನ್ನು ಕೇಳಿದ ಪ್ರಶ್ನೆಗೆ ಉಳಿದವರೆಲ್ಲ ಉತ್ತರ ಕೊಡುತ್ತಿದ್ದರು.

"ಈ ವಾರ ಅಳು ಬಂದಿತ್ತೇ?"

"ಇಲ್ರಿ."

"ಸುಳ್ಳು ಹೇಳ್ತಾಳ್ರಿ! ಮೊನ್ನಿ ಹಿತ್ತಲದಾಗ ಕುಂತು ಅತ್ತಾಳ, ನಾ ನೋಡೀನಿ."

"ನೋಡಿದ್ರ ಬಂದು ಕೇಳಬೇಕಿಲ್ಲೇನ ನೀನು?"

"ಕೇಳಿದ್ರ ನೀ ಹೇಳಾಕಿ ಏನ? ಈಗ ಅಕ್ಕಾರ ಕೇಳಿದ್ರೂ ಇಲ್ಲ ಅಂತಿ."

ಈ ಜಗಳದಲ್ಲಿ ಅತ್ತದ್ದಕ್ಕೆ ಕಾರಣ ಏನೆಂದು ಹೊರಬೀಳುತ್ತಿತ್ತು, ಅದಕ್ಕೆ ಇನ್ನೊಬ್ಬಳು ತನ್ನದನ್ನು ಸೇರಿಸುತ್ತಿದ್ದಳು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಹಿರಿಯರಿಗೆ ಹೇಳಿದಾಗ ಬೇಸರಪಟ್ಟುಕೊಂಡರು. ಮುಂದಿನ ಸಲ ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಅದೂ ಓಣಿಗೊಂದು ಆಟವಾಯಿತು. ತಮ್ಮ ಸರದಿ ಬರುವವರೆಗೆ ಉಳಿದವರು ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದರು. ನಾನು ಬರುವ ದಿನ ಕಳೆ ಕೀಳುವ ಕೆಲಸ ಜಲ್ದಿ ಮುಗಿಸಿ ಬರುತ್ತಾರೆ ಎಂದು ಆಮೇಲೆ ತಿಳಿಯಿತು.

ನಾನು ಕೂರುತ್ತಿದ್ದ ಪಡಸಾಲೆಯ ಮನೆಯಾಕೆ ನನಗಿಂತ ಸ್ವಲ್ಪ ದೊಡ್ಡವಳು. ಮಕ್ಕಳಿರಲಿಲ್ಲ, ಅತ್ತೆ ಸತ್ತಿದ್ದಳು, ಗಂಡ ಲಾರಿಯ ಮೇಲೆ. 'ನಿಮ್ಮ ಕಷ್ಟ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ?' ಎಂಬ ಪ್ರಶ್ನೆಗೆ ಮೊದಲ ಸಲ ಅವಳು "ಗ್ವಾಡಿ ಐತ್ರಿ" ಎಂದಿದ್ದಳು. ಗೋಡೆ ಲೆಕ್ಕಕ್ಕಿಲ್ಲವೆಂದು ನಾನು 'ಇಲ್ಲ' ಎಂದು ಗುರುತು ಮಾಡಿದ್ದೆ. ಕೊನೆಯ ಸಲ ಹಿತ್ತಲಲ್ಲಿ ಅದೇ ಪ್ರಶ್ನೆ ಕೇಳಿದಾಗ "ಅದಾರ" ಎಂದಳು.

ಲೆಕ್ಕಕ್ಕೆ ಹೌದು ಅಥವಾ ಇಲ್ಲ, ಅಷ್ಟು ಸಾಕಿತ್ತು. ಆದರೂ ಕೇಳಿದೆ: "ಯಾರು?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ನೀವ. ಮತ್ತ್ಯಾರು?"

ನಾನು ಅವಳ ಯಾವ ಕಷ್ಟಕ್ಕೂ ಏನೂ ಹೇಳಿರಲಿಲ್ಲ. ಹೇಳಬಾರದೆಂದು ನಿಯಮವಿತ್ತು. 'ಹೌದು' ಎಂದು ಗುರುತು ಮಾಡಿದೆ.

ಲೆಕ್ಕವೆಲ್ಲ ಮುಗಿದಾಗ ಕಾಲೋನಿಯ ಹೆಂಗಸರ ಒಂಟಿತನ ಕಡಿಮೆಯಾಗಿತ್ತು. ಕಂಪ್ಲಿ ಕಡೆಯವರದ್ದೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗಿತ್ತು.

"ಅಂದರೆ ಕೂಟ ಇಲ್ಲದಿದ್ದರೂ ಆಗುತ್ತದೆ ಅಂತಾಯಿತು" ಎಂದರು ಹಿರಿಯರು.

"ಅಲ್ಲೂ ಕೂಟ ಇತ್ತಲ್ಲ ಸರ್. ನಾನು ಹೋದಾಗಲೆಲ್ಲ ಸೇರುತ್ತಿದ್ದರು."

"ನೀವು ಕಾರ್ಯಕ್ರಮ ಅಲ್ಲ."

ಅವರು ಕೆಟ್ಟವರಲ್ಲ. ನನಗೆ ತೋಚಿದ್ದನ್ನು ವರದಿಯಲ್ಲಿ ಬರೆಯಲು ಬಿಟ್ಟರು. ಏನೂ ಕೊಡದ ಊರಿಗೆ ಕೇಳುವವಳೊಬ್ಬಳನ್ನು ಕಳಿಸಿದ್ದೇವೆ, ಆದ್ದರಿಂದ ಆ ಊರು ಹೋಲಿಕೆಗೆ ಉಳಿಯಲಿಲ್ಲ, ಈ ಫಲಿತಾಂಶದಿಂದ ಕೋಣೆ ನಿಷ್ಪ್ರಯೋಜಕ ಎಂದು ತಿಳಿಯಬಾರದು ಎಂದು ಬರೆದೆ. ಅದು ವರದಿಯ ಹಿಂಭಾಗದಲ್ಲಿ ಅಚ್ಚಾಯಿತು. ದುಡ್ಡು ಕೊಡುವವರು ಮುಂಭಾಗ ಓದಿ, ವ್ಯತ್ಯಾಸ ಕಾಣಲಿಲ್ಲವಾದ್ದರಿಂದ ಕೋಣೆಯನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿದರು.

ದರೋಜಿಯವಳಿಗೆ ಸುದ್ದಿ ಹೇಳಲು ನಾನೇ ಹೋದೆ. ಆ ದಿನ ಸಂಡೂರಿನ ದಾರಿಯಲ್ಲಿ ಲಾರಿಗಳ ಸಾಲಿನ ಹಿಂದೆ ಬಸ್ಸು ಬಹಳ ಹೊತ್ತು ನಿಂತಿತ್ತು ಎಂದು ನೆನಪು. ಇದು ಬೇರೆ ದಿನದ್ದೂ ಇರಬಹುದು; ದಿನವೂ ನಿಲ್ಲುತ್ತಿತ್ತು. ಅವಳು ಎಲ್ಲ ಕೇಳಿಸಿಕೊಂಡು ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದಳು.

"ನಾವು ಚಲೋತ್ನಾಗಿ ನಕ್ಕಿಲ್ಲೇನ್ರಿ ಅಕ್ಕಾರ?"

"ನೀವು ಸರಿಯಾಗೇ ಇದ್ದಿರಿ. ಆ ಊರಲ್ಲೂ ಕಡಿಮೆ ಆಯಿತು."

"ಅವ್ರಿಗೆ ಆರಾಮಾದ್ರ ನಮಗ್ಯಾಕ ಬಂದ್?" ಎಂದಳು. ಆಮೇಲೆ, "ಹೆಂಗಸ್ರಿಗೆ ನೀವ ಹೇಳ್ರಿ. ನನ್ನಿಂದ ಆಗೂದಿಲ್ಲ."

ಹೇಳಿದೆ. ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು.

ಕಂಪ್ಲಿಯ ಓಣಿಗೆ ಇನ್ನು ಹೋಗುವ ಅಗತ್ಯವಿರಲಿಲ್ಲ. ಆದರೂ ಹೋದೆ. ಯಾಕೆ ಎಂದು ಇಷ್ಟು ವರ್ಷಗಳಲ್ಲಿ ಬೇರೆ ಬೇರೆ ಕಾರಣ ಕೊಟ್ಟುಕೊಂಡಿದ್ದೇನೆ: ವಿದಾಯ ಹೇಳಲು, ಧನ್ಯವಾದ ಹೇಳಲು. ಅವು ಆಮೇಲೆ ಹೊಲಿದ ಕಾರಣಗಳು. ಅಲ್ಲಿ ಯಾರೋ ನನಗಾಗಿ ಕಳೆ ಕೀಳುವುದನ್ನು ಜಲ್ದಿ ಮುಗಿಸುತ್ತಿದ್ದರು. ಹೊಸಪೇಟೆಯಲ್ಲಿ ನನಗಾಗಿ ಯಾರೂ ಯಾವುದನ್ನೂ ಮುಗಿಸುತ್ತಿರಲಿಲ್ಲ.

ಎಂದಿನಂತೆ ಪಡಸಾಲೆ ತುಂಬಿತು. "ಕೇಳ್ರಿ ಮತ್ತ" ಎಂದರು. ಇವತ್ತು ಪ್ರಶ್ನೆಯಿಲ್ಲ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಶ್ನೆಯಿಲ್ಲದೆ ನನ್ನೊಂದಿಗೆ ಏನು ಮಾತಾಡಬೇಕೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಬಿಸಿಲು, ಬಸ್ಸು, ಊಟ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಕೆಲಸ ನೆನಪಾಗಿ ಎದ್ದರು. ಮನೆಯಾಕೆಯೊಬ್ಬಳೇ ಉಳಿದಳು.

"ಮತ್ತ ಯಾವಾಗ ಬರ್ತೀರಿ?"

"ಇನ್ನು ಬರುವುದಿಲ್ಲ. ಕೆಲಸ ಮುಗಿಯಿತು." ಅಷ್ಟಕ್ಕೆ ಬಿಡಲಾರದೆ ಕಾಲೋನಿಯ ಕೋಣೆಯ ವಿಷಯ ಹೇಳಿದೆ. ಇಲ್ಲಿ ಏನೂ ಕೊಡದೇ ಇದ್ದರೂ ನಿಮಗೆಲ್ಲ ಒಳ್ಳೆಯದಾಗಿದೆ ಎಂದು ಆ ಕೋಣೆ ಮುಚ್ಚಿದರು ಎಂದು.

"ಅಲ್ಲೂ ನಮ್ಮಂಗ ಹೆಂಗಸ್ರೇನ್ರಿ?"

"ಹೌದು."

"ನಾ ಅವತ್ತ 'ಅದಾರ' ಅಂದೆನಲ್ರಿ, ಅದೂ ಲೆಕ್ಕಕ್ಕ ಬಂತೇನ್ರಿ?"

"ಬಂತು."

"ಹಂಗಾದ್ರ ಇಲ್ಲ ಅಂತ ಬರ್ಕೊಳ್ರಿ. ಹೆಂಗೂ ಇನ್ನ ನೀವು ಬರೂದಿಲ್ಲ. ಸುಳ್ಳೂ ಆಗೂದಿಲ್ಲ."

ಈ ಮಾತು ಇಷ್ಟು ನೆಟ್ಟಗೆ ಬಂದಿರಲಾರದು. ನಡುವೆ ಅವಳು ಭತ್ತ ಮುಕ್ಕುತ್ತಿದ್ದ ಕೋಳಿಯನ್ನು ಬೈದದ್ದು ನೆನಪಿದೆ, ನನ್ನ ಕೈಗೆ ನೀರಿನ ಚೊಂಬು ಕೊಟ್ಟದ್ದೂ ನೆನಪಿದೆ. ಅವನ್ನೆಲ್ಲ ತೆಗೆದು ಮಾತನ್ನಷ್ಟೇ ಉಳಿಸಿಕೊಂಡವಳು ನಾನು. ಆದರೆ 'ಇಲ್ಲ' ಎಂದು ಬರೆದುಕೊಳ್ಳಲು ಅವಳು ಹೇಳಿದ್ದು ನಿಜ, ತಾನು ಎಂದೂ ನೋಡದ ಆ ಹೆಂಗಸರಿಗಾಗಿ.

ವರದಿ ಹೋಗಿಬಿಟ್ಟಿದೆ, ಇನ್ನು ಬದಲಾಯಿಸಲು ಬರುವುದಿಲ್ಲ ಎಂದೆ.

"ಬರಂಗಿಲ್ಲೇನ್ರಿ?" ಎಂದಳು. ಆಮೇಲೆ ಅಂಗಳಕ್ಕಿಳಿದು ಹರವಿದ್ದ ಭತ್ತವನ್ನು ಕಾಲಿನಿಂದ ತಿರುವುತ್ತಾ ಆ ಕೊನೆಯವರೆಗೆ ಹೋದಳು. ನಾನು ಚೊಂಬನ್ನು ಕೆಳಗಿಟ್ಟು, ಅವಳು ಈ ಕಡೆ ತಿರುಗುವ ತನಕ ನಿಂತಿದ್ದೆ.