ಗದ್ದಲದಲ್ಲಿ ನಿದ್ದೆ

ಮೆಟಲ್ ಸಂಗೀತ ಕೇಳಿದರೆ ನನಗೆ ನಿದ್ದೆ ಬರುತ್ತದೆ. ಇದನ್ನು ಯಾರೆದುರು ಹೇಳಿದರೂ ನಗುತ್ತಾರೆ, ಇಲ್ಲವೇ ಒಮ್ಮೆ ಕಿವಿ ತೋರಿಸಿಕೊಂಡು ಬಾ ಎನ್ನುತ್ತಾರೆ. ಕಿವಿಗೇನೂ ಆಗಿಲ್ಲ. ಹಿಂದಿನ ಓಣಿಯಲ್ಲಿ ಯಾರ ಮನೆಯ ಕುಕ್ಕರ್ ಕೂಗಿತೆಂದು ಕುಳಿತಲ್ಲಿಂದಲೇ ಹೇಳಬಲ್ಲೆ. ಆದರೆ ಎರಡು ಗಿಟಾರು, ಒಂದು ರಾಶಿ ಡ್ರಮ್ಮು ಕೂಡಿ ಆಕಾಶ ಕಳಚಿ ಬೀಳುವ ಹಾಗೆ ಶುರುವಿಟ್ಟುಕೊಂಡರೆ ಸಾಕು, ನನ್ನ ರೆಪ್ಪೆಗಳು ತಾವಾಗಿ ಇಳಿಯುತ್ತವೆ.

ಈ ರೋಗ ಪತ್ತೆಯಾದದ್ದು ಅಣ್ಣನ ಮಗಳು ಶ್ವೇತಾಳಿಂದ. ಧಾರವಾಡದಲ್ಲಿ ಓದುತ್ತಲೇ ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಅದರ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಇವಳು ಡ್ರಮ್ಸ್ ಬಾರಿಸುತ್ತಾಳೆ. ಅವರದು ಪ್ರೊಗ್ರೆಸಿವ್ ಮೆಟಲ್ ಅಂತೆ. ನಮ್ಮ ಮುಧೋಳದ ಕಡೆ ಪ್ರಗತಿಪರ ಎನ್ನುವ ಮಾತು ರೈತರಿಗೆ ಮೀಸಲು. ಕಬ್ಬಿನ ಸಾಲಿನ ನಡುವೆ ಕಡಲೆ ಬೆಳೆದು ತೋರಿಸಿದವನಿಗೆ ಶಾಲು ಹೊದಿಸಿ ಹಾಗೆ ಕರೆಯುತ್ತಾರೆ. ಸಂಗೀತ ಹೇಗೆ ಪ್ರಗತಿಪರ ಆಗುತ್ತದೆ ಎಂದು ಕೇಳಿದೆ.

"ಒಂದ ತಾಳದಾಗ ಕುಂದ್ರೂದಿಲ್ಲ ಅತ್ತಿ ಇದು. ಏಳರಾಗ ಹೊಂಟಿದ್ದು ಐದಕ್ಕ ಜಿಗೀತೈತಿ, ಅಲ್ಲಿಂದ ಹನ್ನೊಂದಕ್ಕ" ಎಂದಳು.

ಏಳು ಮಾತ್ರೆಯನ್ನು ನಮ್ಮ ತಬಲಾದವರು ರೂಪಕ ಎಂದು ಎಂದಿನಿಂದಲೋ ಬಾರಿಸುತ್ತ ಬಂದಿದ್ದಾರೆ. ಅದರ ಸೊಗಸೆಂದರೆ ಮೊದಲ ಮಾತ್ರೆಯೇ ಖಾಲಿ. ಪಾಪ, ಅವರಿಗೆ ಈವರೆಗೆ ಯಾರೂ ಪ್ರಗತಿಪರರೆಂದು ಶಾಲು ಹೊದಿಸಿಲ್ಲ. ಇದನ್ನು ಹೇಳಿದರೆ ಶ್ವೇತಾ ಮುಖ ಸೊಟ್ಟ ಮಾಡಿದಳು.

ಅವರ ಮೊದಲ ಆಲ್ಬಮ್ ಸ್ಟುಡಿಯೋದಲ್ಲಿ ತಯಾರಾಗಿತ್ತು, ಹೊರಗೆ ಬಂದಿರಲಿಲ್ಲ. ಒಂಬತ್ತು ಹಾಡು. ಕೊನೆಯದು ಹನುಮಂತನ ಬಾಲದಷ್ಟು ಉದ್ದ. ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ, ಕಿತ್ತು ಹಾಕಿ ಎಂದು ಸ್ಟುಡಿಯೋದವನು ಹಟ ಹಿಡಿದಿದ್ದ. ಉಳಿದ ಮೂವರೂ ಅವನ ಕಡೆ ವಾಲಿದ್ದರು. ಆ ಹಾಡು ಕಟ್ಟಿದವಳು ಶ್ವೇತಾ.

"ನೀ ಕೇಳಿ ಹೇಳ ಅತ್ತಿ. ನಿನಗ ಮುಖಸ್ತುತಿ ಬರೂದಿಲ್ಲ. ಬ್ಯಾಸರ ಬಂತಂದ್ರ ತಗದ ಬಿಡ್ತೇನಿ" ಎಂದು ಎಲ್ಲ ಹಾಡುಗಳನ್ನೂ ನನ್ನ ಫೋನಿಗೆ ಹಾಕಿಕೊಟ್ಟು ಹೋದಳು. ನನ್ನ ಜೀವಮಾನದಲ್ಲಿ ಇಂಥ ಅಧಿಕಾರ ಯಾರೂ ಕೊಟ್ಟಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಇಯರ್‌ಫೋನ್ ಚುಚ್ಚಿಕೊಂಡು ಕುಳಿತೆ. ಮೂರನೆಯ ಹಾಡಿಗೆ ನಾನಿಲ್ಲ. ಎದ್ದಾಗ ಸಂಜೆ. ನಮ್ಮ ಮನೆಯವರು ಗಡಗಡ ಎನ್ನುವ ಫ್ಯಾನು ಹಚ್ಚಿ, ಇಯರ್‌ಫೋನ್ ತೆಗೆದು, ಹಾಡು ನಿಲ್ಲಿಸಿ ಹೋಗಿದ್ದರು. ಇಷ್ಟು ಒಳ್ಳೆಯ ಗಂಡ ಸಿಕ್ಕರೂ ಕಷ್ಟವೇ. ಮರುದಿನವೂ ಅದನ್ನೇ ಮಾಡಿದರು. ಆಮೇಲೆ ರೊಟ್ಟಿ ಬಡಿಯುತ್ತ ಕೇಳಿದೆ. ಕೈ ಹೋಗಿ ಆ ಏಳು ಮಾತ್ರೆಗೆ ಸಿಕ್ಕಿಬಿದ್ದು ರೊಟ್ಟಿ ಹರಿದು ಬಂದವು. ಜಮಖಂಡಿ ಬಸ್ಸಿನಲ್ಲಿ ಪ್ರಯತ್ನಿಸಿದೆ. ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಅಕ್ಕಾರ, ಇಳೀರಿ" ಎಂದು ಎಬ್ಬಿಸಿದ. ಆ ಹೊತ್ತಿಗೆ ಫೋನೂ ಸತ್ತಿತ್ತು.

ಯಾಕೆ ಹೀಗೆಂದು ನನಗೆ ಗೊತ್ತು. ನಾನು ಬನಹಟ್ಟಿಯ ನೇಕಾರರ ಮಗಳು. ನನ್ನ ತೊಟ್ಟಿಲು ಕಟ್ಟಿದ್ದು ಮಗ್ಗದ ಖೋಲಿಯ ತೊಲೆಗೆ. ಲಾಳಿ ಅತ್ತಿಂದಿತ್ತ ಬಡಿದುಕೊಳ್ಳುವ ಸದ್ದೇ ನನ್ನ ಜೋಗುಳ. ಮದುವೆಯಾಗಿ ಮುಧೋಳಕ್ಕೆ ಬಂದ ಹೊಸದರಲ್ಲಿ ಇಲ್ಲಿಯ ಮೌನಕ್ಕೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ತವರು ನೆನಪಾಗಿದೆ ಎಂದು ಅತ್ತೆ ತಲೆ ಸವರುತ್ತಿದ್ದರು. ನೆನಪಾಗುತ್ತಿದ್ದದ್ದು ಯಂತ್ರವೆಂದು ಹೇಳುವುದು ಹೇಗೆ? ಈಗ ಶ್ವೇತಾಳ ಡ್ರಮ್ಮು ಶುರುವಾದೊಡನೆ ನಾನು ಎಲ್ಲಿಗೋ ಇಳಿದುಹೋಗುತ್ತೇನೆ. ಬಣ್ಣ ಹಾಕಿದ ನೂಲು ಓಣಿಯುದ್ದಕ್ಕೂ ಒಣಗುತ್ತಿರುತ್ತದೆ, ಕೆಂಪು ನೀರು ತೊಟ್ಟಿಕ್ಕುತ್ತಿರುತ್ತದೆ. ಗಲಗಲಿಯಲ್ಲಿ ಹರಿಯಬೇಕಾದ ಕೃಷ್ಣೆ ನಮ್ಮ ಮಗ್ಗದೊಳಗಿಂದ ಹಾದು ಸೀರೆಯಾಗಿ ಹೊರಬೀಳುತ್ತಿರುತ್ತಾಳೆ, ಅಂಚಿನಲ್ಲಿ ಮೀನು. ನಾನು ಆ ಸೀರೆಯ ಮೇಲೆ ಅಂಗಾತ ತೇಲುತ್ತಿರುತ್ತೇನೆ. ಇಂಥ ಸುಖ ಬಿಟ್ಟು ವಿಮರ್ಶೆ ಮಾಡಲು ಯಾರು ಎದ್ದು ಕೂತಾರು?

ಕೊನೆಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಮೂರನೇದು ದಾಟಾಕ ಆಗವಲ್ದು ಶ್ವೇತಿ. ನಿದ್ದಿ ಬರತೈತಿ."

"ಆತು ಬಿಡು. ತಗದ ಬಿಡ್ತೇನಿ" ಎಂದು ಇಟ್ಟುಬಿಟ್ಟಳು.

ತಿರುಗಿ ಫೋನು ಮಾಡಿ, "ಅಮಾಸಿಗೆ ಬನಹಟ್ಟಿಗೆ ಬಾ, ನಾನೂ ಬರ್ತೇನಿ. ಮಗ್ಗದ ಖೋಲ್ಯಾಗ ದೊಡ್ಡ ಸ್ಪೀಕರ್ ಹಚ್ಚಿ ಕೇಳೂಣು. ಅಲ್ಲಿ ನಿಮ್ಮ ಮಾಮಾ ಬಂದ್ ಮಾಡಾಕ ಇರೂದಿಲ್ಲ" ಎಂದೆ.

ಅಮಾವಾಸ್ಯೆ ನಮ್ಮ ಮನೆಯ ಮಗ್ಗಗಳಿಗೆ ಸೂಟಿ. ಪೂಜೆಯಾಗಿ, ಹೋಳಿಗೆ ಉಂಡು, ಅಣ್ಣ, ಅವ್ವ, ನಾನು ಖೋಲಿಯಲ್ಲಿ ಚಾಪೆ ಹಾಸಿ ಕೂತೆವು. ಅಣ್ಣ ಮಗಳ ಬಾರಿಸಾಣಿಕೆಯನ್ನು ಅಂದಿನವರೆಗೆ ಕೇಳಿದವನಲ್ಲ. "ಮಗ್ಗದ ಸಪ್ಪಳ ಸಾಲದಂತ ಇಕಿ ಇನ್ನೊಂದ ತಂದಾಳ" ಎಂದು ಗೊಣಗಿದ. ಮೊದಲ ಹಾಡಿಗೆ ಕಿವಿ ಮುಚ್ಚಿಕೊಂಡ. ಎರಡನೆಯದಕ್ಕೆ ಅವನ ಹೆಬ್ಬೆರಳು ಕುಣಿಯತೊಡಗಿತು. ಆಮೇಲೆ ಗೊರಕೆ. ಅವ್ವ ಸೆರಗು ಹೊದ್ದು ಆಗಲೇ ಉರುಳಿದ್ದಳು. ಮಗ್ಗದ ಹಲಗೆಯ ಮೇಲೆ ಶ್ವೇತಾ ಮುಖ ಚಿಕ್ಕದು ಮಾಡಿಕೊಂಡು ಕೂತಿದ್ದಳು. ಅವಳಿಗಾಗಿಯಾದರೂ ಎಚ್ಚರ ಇರಬೇಕೆಂದು ನನ್ನ ತೊಡೆ ನಾನೇ ಚಿವುಟಿಕೊಂಡೆ. ಕೃಷ್ಣೆ ಬಂದಳು, ಮೀನಂಚಿನ ಸೀರೆ ಬಂತು, ನಾನೂ ಹೋದೆ.

ಮೂವರಿಗೂ ಒಟ್ಟಿಗೆ ಎಚ್ಚರವಾಯಿತು. ಅಣ್ಣ ದಡಕ್ಕನೆ ಎದ್ದು, "ಕರೆಂಟ್ ಹೋತು!" ಎಂದು ಮಗ್ಗಕ್ಕೆ ಕೈ ಹಾಕಿದ. ಬನಹಟ್ಟಿಯಲ್ಲಿ ಯಾವ ಸದ್ದಿಗೂ ಯಾರೂ ಏಳುವುದಿಲ್ಲ; ಸದ್ದು ನಿಂತರೆ ಓಣಿಗೆ ಓಣಿಯೇ ಏಳುತ್ತದೆ, ತೊಟ್ಟಿಲ ಕೂಸು ಅಳುತ್ತದೆ. ಆದರೆ ಕರೆಂಟ್ ಹೋಗಿರಲಿಲ್ಲ. ಕೊನೆಯ ಹಾಡು ನಡುವೆ ನಿಂತಿತ್ತು. ಶ್ವೇತಾ ಸುಮ್ಮನಿರಿ ಎಂದು ಕೈ ಮಾಡಿದಳು. ಆ ಮೌನದೊಳಗೆ ಒಂದೇ ಒಂದು ತಂತಿ, ಯಾರೋ ತಮ್ಮಷ್ಟಕ್ಕೆ ತಾವು ಗುನುಗುವ ಹಾಗೆ, ಮೆಲ್ಲಗೆ ಮಿಡಿಯತೊಡಗಿತು.

ಅಣ್ಣ ನಿಂತಲ್ಲೇ ನಿಂತ. "ಇದು... ಅವ್ವ ಕಂಡಿಕಿಗೆ ನೂಲು ಸುತ್ತುವಾಗ ಗುನುಗತಿದ್ದಿದ್ದಲ್ಲ?"

"ಹೌದಪ್ಪಾ. ಕರೆಂಟ್ ಹೋಗಿ ಮಗ್ಗ ನಿಂತಾಗಷ್ಟ ಕೇಳತಿತ್ತು" ಎಂದಳು ಶ್ವೇತಾ.

"ನಾ ಯಾವಾಗ ಹಾಡೇನೋ ಯಪ್ಪಾ?" ಎಂದು ಅವ್ವ ಗಾಬರಿಯಾದಳು.

ಜೀವಮಾನವಿಡೀ ಹಾಡಿದವಳಿಗೇ ಅದು ಗೊತ್ತಿಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೂ ಮರೆತುಹೋಗಿತ್ತು. ನನಗೆ ಅಳು ಬಂತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಣ್ಣ ಮಗಳ ಮುಖ ನೋಡದೆ ಹೇಳಿದ: "ಇದನ್ನ ತಗಿ ಅಂದಾವ್ರಿಗೆ ಹೇಳು, ನಮ್ಮಪ್ಪ ತಗೀಬ್ಯಾಡ ಅಂದಾನಂತ."

ಶ್ವೇತಾ ನನ್ನ ಕಡೆ ತಿರುಗಿ, "ನೀ ಏನಂತಿ ಅತ್ತಿ?" ಎಂದಳು. ನಾನು ಗಂಟಲು ಸರಿಮಾಡಿಕೊಂಡು, ಕೊನೆಯದು ಇರಲೇಬೇಕು, ಅದರ ಹಿಂದಿನ ಎಂಟೂ ಇರಬೇಕು, ಚೆನ್ನಾಗಿ ಮಲಗದವರನ್ನು ಎಬ್ಬಿಸುವುದು ಹೇಗೆ ಎಂದೆ. ಮೂವರೂ ನಕ್ಕೆವು.

ಅವ್ವ ಮಾತ್ರ ನಗಲಿಲ್ಲ. "ಮೊದಲಿಂದ ಹಚ್ಚ ನೋಡೂಣು. ನಾ ಹಾಡೇನೋ ಇಲ್ಲೋ ಕೇಳೇ ಬಿಡ್ತೇನಿ" ಎಂದು ಬೆನ್ನು ನೆಟ್ಟಗೆ ಮಾಡಿ ಕೂತಳು. ಎರಡನೆಯ ಹಾಡಿಗೆ ಅವಳ ತಲೆ ನನ್ನ ಭುಜಕ್ಕೆ ಬಂತು. ಎಬ್ಬಿಸಲೆಂದು ಕೈ ಎತ್ತಿದೆ.

"ಇರಲಿ ಬಿಡ ಅತ್ತಿ" ಎಂದಳು ಶ್ವೇತಾ. "ತನ್ನ ಹಾಡಿಗೆ ತಾನ ಏಳತಾಳ."